ನಾಲ್ಕು ಪಾಯಿಂಟ್ ನಾಲ್ಕು

ಮಾರ್ಚ್ 6

ಪ್ರೀತಿಯ ಮಿಂಚು,

ಆಟ ನಿಂತು ಇವತ್ತಿಗೆ ಒಂದು ತಿಂಗಳು. ಫುಟ್‌ಬಾಲ್ ಸಂಘದವರಿಗೂ ಕ್ಲಬ್ಬಿನ ಮಾಲೀಕರಿಗೂ ಹತ್ತಿಕೊಂಡ ಜಗಳ ಈಗ ಕೋರ್ಟಿನಲ್ಲಿದೆಯಂತೆ. ಲೀಗ್ ಮತ್ತೆ ಶುರುವಾಗಲು ಆರು ತಿಂಗಳೋ ಎಂಟು ತಿಂಗಳೋ, ಹೇಳುವವರಿಲ್ಲ. ನಮ್ಮ ಓಟ ನಿಂತಿದೆ, ವಕೀಲರ ಓಟ ಜೋರಾಗಿದೆ.

ಹೊರಡುವ ದಿನ ಟ್ರೇನರ್ ಮೇಡಂ ಹೇಳಿದ್ದು ನೆನಪಿದೆ ತಾನೆ? “ಓಟದ ಲೆಕ್ಕ ಫೋನಲ್ಲಾದ್ರೆ ಬಾಯಿಗೆ ಬಂದಿದ್ದು ಹೇಳಿಬಿಡ್ತೀರ. ಕೈಯಲ್ಲಿ ಬರೀರಿ, ಜೋಡಿಯವರಿಗೆ ಪೋಸ್ಟ್ ಮಾಡಿ. ಬರೆಯೋವಾಗ ಕೈ ಸ್ವಲ್ಪ ನಾಚ್ಕೊಳ್ಳುತ್ತೆ.” ಅದಕ್ಕೇ ಈ ಕಾಗದ. ಒಂದೇ ಜಾಗಕ್ಕೆ ಆಡುವ ನಮ್ಮಿಬ್ಬರನ್ನೇ ಜೋಡಿ ಮಾಡಿರುವುದು ನೋಡಿ ನನಗೆ ನಗು ಬಂತು. ಬಲಬದಿ ಕಾಯುವವಳು ನಾನು, ನನಗೇನಾದರೂ ಆದರೆ ಇಳಿಯುವವಳು ನೀನು. ಒಬ್ಬಳ ಬೆವರು ಇನ್ನೊಬ್ಬಳಿಗೆ ಗೊತ್ತಿರಲಿ ಎಂದುಕೊಂಡಿರಬೇಕು.

ನನ್ನ ಲೆಕ್ಕ ಕೇಳು. ಮೂವತ್ತು ಮೀಟರ್ ಓಟ ನಾಲ್ಕು ಪಾಯಿಂಟ್ ಎಂಟು ಸೆಕೆಂಡು. ಲೀಗ್ ನಡೆಯುವಾಗ ನಾಲ್ಕು ಪಾಯಿಂಟ್ ಆರು ಇತ್ತು. ಬೀಪ್ ಓಟದಲ್ಲಿ ಒಂಬತ್ತನೇ ಹಂತಕ್ಕೆ ನಾಲಿಗೆ ಹೊರಬಂತು. ಗೆರೆಯಿಂದ ಗೆರೆಗೆ ಓಡುತ್ತಾ ಆ ಹಾಳು ಬೀಪ್ ಸದ್ದು ಬೇಗಬೇಗ ಆಗುತ್ತಾ ಹೋದಂತೆ, ನಮ್ಮ ಯಜಮಾನರ ಮುಖ ನೋಡಬೇಕಿತ್ತು. ಬಸ್ಸು ಓಡಿಸಿ ಬಂದ ಮನುಷ್ಯ, ಮೂವತ್ತು ಮೀಟರಿಗೆ ಗಡಿಯಾರ ಕೈಗೆ ಕೊಟ್ಟರೆ ಕಡಲೆಕಾಯಿ ಬಿಡಿಸುತ್ತಾ ಗುಂಡಿ ಒತ್ತುವುದನ್ನೇ ಮರೆತರು. “ಇನ್ನೊಂದ್ಸಲ ಓಡು, ಏನೀಗ?” ಅಂದರು. ಇನ್ನೊಂದು ಸಲ ಓಡಿದೆ. ಆ ಪಾಯಿಂಟ್ ಎಂಟು ಎರಡನೇ ಸಲದ್ದು.

ಎಲ್ಲರೂ ನನ್ನನ್ನು ಬಾಗಿಲು ಅನ್ನುತ್ತಾರಲ್ಲ, ಬಾಗಿಲಿಗೆ ಈಗ ಎಣ್ಣೆ ಬೇಕಾಗಿದೆ. ಹದಿನೈದು ದಿನಕ್ಕೊಮ್ಮೆ ಬರೆ. ನಿಜ ಬರೆ.

ನಿನ್ನ ಅಕ್ಕ


ಮಾರ್ಚ್ 19

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಓದಿ ನಮ್ಮ ಅಕ್ಕನಿಗೂ ಓದಿ ಹೇಳಿದೆ. (ಒಡಹುಟ್ಟಿದ ಅಕ್ಕ. ಅವಳಿಗೆ ಹೊಟ್ಟೆಕಿಚ್ಚು, “ಅವಳನ್ನೂ ಅಕ್ಕ ಅಂತೀಯಾ?” ಅಂತ.) ನಾನು ಅವಳ ಲಾಂಡ್ರಿಯ ಮೇಲಿನ ಕೋಣೆಯಲ್ಲಿದ್ದೇನೆ. ಕೆಳಗೆ ಆವಿ ಇಸ್ತ್ರಿಯ ಬುಸಬುಸ, ಮೇಲೆ ನನ್ನ ಗೊರಕೆ. ಹೋಟೆಲಿನ ಹಾಸಿಗೆ ಬಟ್ಟೆಗಳನ್ನು ಮಡಚಿ ಮಡಚಿ ಕನಸಿನಲ್ಲೂ ಬಿಳೀ ಬಟ್ಟೆಯೇ ಬರುತ್ತದೆ.

ಹಿತ್ತಿಲ ಗೋಡೆ ದಾಟಿದರೆ ಕಾಲೇಜಿನ ಮೈದಾನ. ಬೆಳಿಗ್ಗೆ ಐದೂವರೆಗೆ ಹೋಗಿಬಿಡುತ್ತೇನೆ.

ಮೂವತ್ತು ಮೀಟರ್: ನಾಲ್ಕು ಪಾಯಿಂಟ್ ಆರು. ಬೀಪ್ ಓಟ: ಹತ್ತನೇ ಹಂತ ಮುಗಿಸಿದೆ.

ಬಾಗಿಲಿಗೆ ಎಣ್ಣೆ ಯಾಕೆ? ನಿನ್ನನ್ನು ದಾಟಿ ಹೋದವರನ್ನು ನಾನಿನ್ನೂ ನೋಡಿಲ್ಲ.

ಮಿಂಚು


ಏಪ್ರಿಲ್ 11

ಪ್ರೀತಿಯ ಮಿಂಚು,

ತಡವಾಯಿತು. ಬೈಂಡಿಂಗ್ ಪ್ರೆಸ್ಸಿನಲ್ಲಿ ಶಾಲೆ ಪುಸ್ತಕದ ಕೆಲಸ ರಾಶಿ ಬಿದ್ದಿದೆ. ದಿನವಿಡೀ ಬಗ್ಗಿ ಹೊಲಿಗೆ ಹಾಕಿ, ಸಂಜೆ ಬೆನ್ನು ನೆಟ್ಟಗೆ ಮಾಡುವುದೇ ಒಂದು ವ್ಯಾಯಾಮ.

ನಾಲ್ಕು ಪಾಯಿಂಟ್ ಒಂಬತ್ತು. ಹೌದು, ಇಳಿಯಬೇಕಾದ್ದು ಏರಿದೆ. ಬೀಪ್ ಓಟದಲ್ಲಿ ಎಂಟಕ್ಕೆ ನಿಂತೆ. ಮೇಡಂ ಹೇಳಿದ್ದು ಅಕ್ಷರಶಃ ಸರಿ ಮಾರಾಯ್ತಿ. ಮೊದಲು ಹೋಗುವುದು ಉಸಿರು, ಅದೂ ಮೂರು ನಾಲ್ಕು ವಾರದಲ್ಲೇ. ವೇಗ ಆಮೇಲೆ, ಕಳ್ಳನ ಹಾಗೆ, ಗೊತ್ತೇ ಆಗದಂತೆ ಹೋಗುತ್ತದೆ. ನಿನ್ನೆ ಬೀದಿಯಲ್ಲಿ ಚೆಂಡೊಂದು ಉರುಳಿಕೊಂಡು ಬಂತು. ತಡೆಯಲು ಕಾಲು ಚಾಚಿದೆ. ಕಾಲು ಹೋಗುವಷ್ಟರಲ್ಲಿ ಚೆಂಡು ಹೋಗಿತ್ತು. ಮನಸ್ಸು ಇನ್ನೂ ಲೀಗಿನಲ್ಲಿದೆ, ಮೈ ಮನೆಗೆ ಬಂದುಬಿಟ್ಟಿದೆ.

ನಿನ್ನ ನಾಲ್ಕು ಪಾಯಿಂಟ್ ಆರು ಓದಿ ಖುಷಿಯಾಯಿತು. ಸುಳ್ಳೇಕೆ, ಸ್ವಲ್ಪ ಹೊಟ್ಟೆಯೂ ಉರಿಯಿತು. ಯಜಮಾನರಿಗೆ ಹೇಳಿದೆ. “ಅವಳಿಗೆ ಇಪ್ಪತ್ತೆರಡು, ನಿಂಗೆ ಮೂವತ್ತಮೂರು. ಸುಮ್ನಿರು” ಅಂದರು. ಕೈಯಲ್ಲಿದ್ದ ಒದ್ದೆ ಟವೆಲ್ ಅವರ ಮೇಲೆ ಎಸೆದೆ.

ಲೀಗ್ ಮತ್ತೆ ಶುರುವಾದರೆ ಕೋಚು ಹದಿನೆಂಟೇ ಜನರನ್ನು ಇಟ್ಟುಕೊಳ್ಳುತ್ತಾರಂತೆ. ನನಗೆ ಇನ್ನು ಉಳಿದಿರುವುದು ಒಂದೋ ಎರಡೋ ವರ್ಷ. ನೀನು ಹೇಗೆ ಓಡುತ್ತಿದ್ದೀಯ, ಯಾವ ಕಸರತ್ತು, ವಾರಕ್ಕೆ ಎಷ್ಟು ದಿನ? ನಿನಗೆ ಕಲಿಸಿದವಳು ಈಗ ನಿನ್ನಿಂದ ಕಲಿಯಬೇಕಾಗಿದೆ.

ಅಕ್ಕ


ಮೇ 2

ಪ್ರೀತಿಯ ಅಕ್ಕಾ,

ವಿಶೇಷ ಕಸರತ್ತು ಏನೂ ಇಲ್ಲ. ಬೆಳಿಗ್ಗೆ ಏಳುತ್ತೇನೆ, ಓಡುತ್ತೇನೆ. ನೀನು ಕಲಿಸಿದ್ದನ್ನೇ ಮಾಡುವುದು.

ನಾಲ್ಕು ಪಾಯಿಂಟ್ ಐದು. ಹತ್ತೂವರೆ ಹಂತ.

ಇಲ್ಲಿ ಸೆಖೆ. ಲಾಂಡ್ರಿಯಲ್ಲಿ ನಿಂತರೆ ಮೈಯೆಲ್ಲ ಬೇಯುತ್ತದೆ. ನಮ್ಮಕ್ಕ ಗರ್ಭಿಣಿ, ಕೆಲಸವೆಲ್ಲ ನನ್ನ ಮೇಲೆ. ನೀನು ಚಿಂತೆ ಮಾಡಬೇಡ, ನೀನು ಮಾಮೂಲಿಗೆ ಬರುತ್ತೀಯ.

ಮಿಂಚು


ಜೂನ್ 20

ಪ್ರೀತಿಯ ಮಿಂಚು,

ನಾಲ್ಕು ಪಾಯಿಂಟ್ ಏಳು! ಓದಿ ಕುಣಿಯುವವರು ಯಾರೂ ಇಲ್ಲ, ನೀನಾದರೂ ಕುಣಿ.

ನಿನ್ನ ನಾಲ್ಕು ಪಾಯಿಂಟ್ ಐದನ್ನು ಒಂದು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಿದ್ದೇನೆ. ನೀರಿನ ಟ್ಯಾಂಕಿನ ಹತ್ತಿರ ಒಂದು ಏರು ರಸ್ತೆ ಇದೆ. ದಿನಕ್ಕೆ ಹನ್ನೆರಡು ಸಲ ಅದನ್ನು ಹತ್ತಿ ಓಡುತ್ತೇನೆ. ಮೇಡಂ ಕೊಟ್ಟ ಪಟ್ಟಿಯಲ್ಲಿ ವಾರಕ್ಕೆ ಎರಡು ದಿನ ಅಂತಿದೆ. ನಾನು ಆರು ದಿನ ಮಾಡುತ್ತೇನೆ. ಪಟ್ಟಿ ನೋಡಿಕೊಂಡು ಕೂತರೆ ನಿನ್ನನ್ನು ಮುಟ್ಟುವುದು ಯಾವಾಗ?

“ಯಾರ ಜೊತೆ ರೇಸು ನಿಂದು?” ಅಂತ ಯಜಮಾನರು ಕೇಳಿದರು. “ಮಿಂಚಿನ ಜೊತೆ” ಅಂದೆ. “ಅವಳಿಲ್ಲವಲ್ಲ ಇಲ್ಲಿ” ಅಂದರು. ಇದ್ದೀಯ, ನನ್ನ ಪಕ್ಕದಲ್ಲೇ ಒಂದು ಹೆಜ್ಜೆ ಮುಂದೆ ಓಡುತ್ತಿರುತ್ತೀಯ.

ಒಂದು ಮಾತು, ನಿನ್ನಲ್ಲೇ ಇರಲಿ. ಹತ್ತು ದಿನದಿಂದ ಬಲ ತೊಡೆಯ ಹಿಂಭಾಗ ಹಿಡಿಯುತ್ತಿದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಹಗ್ಗ ಜಗ್ಗಿದ ಹಾಗೆ. ಮೈ ಬಿಸಿಯಾದ ಮೇಲೆ ಗೊತ್ತಾಗುವುದಿಲ್ಲ. ಮೇಡಂಗೆ ಹೇಳಬೇಡ, ಹೇಳಿದರೆ ಎರಡು ವಾರ ಕೂರಿಸುತ್ತಾರೆ. ಆದರೆ ನಿನಗೇನನ್ನಿಸುತ್ತದೆ? ಹೋದ ವರ್ಷ ನಿನಗೂ ಹೀಗೆ ಆಗಿತ್ತಲ್ಲ, ಆಗ ನಿಲ್ಲಿಸಿದೆಯಾ, ಓಡಿದೆಯಾ? ನೀನು ನಿಲ್ಲಿಸು ಅಂದರೆ ನಿಲ್ಲಿಸುತ್ತೇನೆ.

ಅಕ್ಕ


ಜುಲೈ 1

ಅಕ್ಕಾ,

ಕೆಲಸ ಜಾಸ್ತಿ, ಅದಕ್ಕೆ ಚಿಕ್ಕ ಕಾಗದ.

ನಾಲ್ಕು ಪಾಯಿಂಟ್ ನಾಲ್ಕು. ಹನ್ನೊಂದು.

ಮಿಂಚು


ಆಗಸ್ಟ್ 9

ಪ್ರೀತಿಯ ಮಿಂಚು,

ನಾಲ್ಕು ಪಾಯಿಂಟ್ ನಾಲ್ಕು ಅಂದರೆ ನೀನು ಮನುಷ್ಯಳೋ ಏನು? ಕನ್ನಡಿಯ ಚೀಟಿ ಬದಲಾಯಿಸಿದೆ.

ತೊಡೆಯ ಬಗ್ಗೆ ನೀನು ಒಂದು ಅಕ್ಷರವೂ ಬರೆಯಲಿಲ್ಲ. ಮೊದಲು ಬೇಜಾರಾಯಿತು. ಆಮೇಲೆ ಯೋಚಿಸಿದೆ: ದೊಡ್ಡದೇನಾದರೂ ಆಗಿದ್ದರೆ ನೀನು ಬರೆಯದೆ ಇರುತ್ತಿರಲಿಲ್ಲ. ಹಾಗಾಗಿ ಓಡುತ್ತಲೇ ಇದ್ದೇನೆ. ಈಗ ನಾಲ್ಕು ಪಾಯಿಂಟ್ ಆರು. ಹಳೆಯ ಬಾಗಿಲು ಹಳೆಯ ಜಾಗಕ್ಕೆ ಬಂತು.

ತೀರ್ಪು ಬಂದ ಸುದ್ದಿ ನಿನಗೂ ಮುಟ್ಟಿರಬೇಕು. ಸೆಪ್ಟೆಂಬರ್ ಹದಿನಾಲ್ಕಕ್ಕೆ ಶಿಬಿರ. ಹದಿನೈದಕ್ಕೆ ಪರೀಕ್ಷೆ ಓಟ. ನಿನ್ನ ಪಕ್ಕದ ಮಂಚ ನನಗೇ ಹಿಡಿದಿಡು, ಕಿಟಕಿ ಕಡೆಯದು.

ಅಕ್ಕ


ಆಗಸ್ಟ್ 22

ಅಕ್ಕಾ,

ಶಿಬಿರಕ್ಕೆ ನಾನು ಹದಿನೈದರ ಬೆಳಿಗ್ಗೆ ನೇರವಾಗಿ ಮೈದಾನಕ್ಕೆ ಬರುತ್ತೇನೆ. ನಮ್ಮಕ್ಕನ ಹೆರಿಗೆ ಹತ್ತಿರವಾಗಿದೆ. ಮಂಚ ನೀನೇ ಹಿಡಿದುಕೋ.

ಕೆಳಗೆ ಎರಡು ಸಾಲು ಬರೆದು ಕಾಟು ಹೊಡೆದಿದ್ದೇನೆ. ಏನೂ ಇಲ್ಲ, ಅಕ್ಷರ ಕೆಟ್ಟುಹೋಯಿತು.

ಮಿಂಚು


ಸೆಪ್ಟೆಂಬರ್ 27

ಮಿಂಚು ಅವರಿಗೆ,

ಕಾಲು ದಿಂಬಿನ ಮೇಲಿಟ್ಟು ಬರೆಯುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಮನ್ನಿಸಿ.

ಅಂದು ಮೈದಾನದಲ್ಲಿ ಆದದ್ದನ್ನು ನೀವೂ ನೋಡಿದ್ದೀರಿ. ನಾನು ಮೂರನೆಯವಳಾಗಿ ಓಡಿದೆ. ಇಪ್ಪತ್ತು ಮೀಟರಿನ ಕೋನ್ ದಾಟುವಾಗ ಹಿಂದಿನಿಂದ ಯಾರೋ ಕಲ್ಲು ಹೊಡೆದಂತಾಯಿತು. ಯಾರು ಹೊಡೆದರೆಂದು ತಿರುಗಿಯೂ ನೋಡಿದೆ. ಆಮೇಲೆ ಹುಲ್ಲು ಮುಖಕ್ಕೆ ಬಂತು. ನಾಲ್ಕು ಜನ ನನ್ನನ್ನು ಎತ್ತಿ ಒಳಗೆ ತಂದರು. ಆ ನಾಲ್ವರಲ್ಲಿ ನೀವಿರಲಿಲ್ಲ. ನಿಮ್ಮ ಸರದಿ ಬಂದಿತ್ತೇನೋ.

ಡಾಕ್ಟರು ಸ್ನಾಯು ಅರ್ಧಕ್ಕಿಂತ ಹೆಚ್ಚು ಹರಿದಿದೆ ಅಂದರು. ಈ ಸೀಸನ್ ಮುಗಿಯಿತು.

ಮಾರನೆಯ ದಿನ ಟ್ರೇನರ್ ಮೇಡಂ ಐಸ್ ಕಟ್ಟಲು ಬಂದಾಗ ಫಲಿತಾಂಶದ ಹಾಳೆಯನ್ನು ಮೇಜಿನ ಮೇಲಿಟ್ಟಿದ್ದರು. ಅದರಲ್ಲಿ ಎಲ್ಲರಿಗಿಂತ ಕೆಳಗೆ ನಿಮ್ಮ ಹೆಸರಿತ್ತು. ಐದು ಪಾಯಿಂಟ್ ಎರಡು. ಬೀಪ್ ಓಟ ಆರು.

ನಾನು ನಕ್ಕುಬಿಟ್ಟೆ. “ತಪ್ಪಾಗಿ ಬರೆದಿದ್ದೀರ ಮೇಡಂ, ಅವಳದ್ದು ನಾಲ್ಕು ಪಾಯಿಂಟ್ ನಾಲ್ಕು” ಅಂದೆ. ಮೇಡಂ ನನ್ನ ಮುಖವನ್ನೇ ನೋಡಿದರು. “ಯಾರು ಹೇಳಿದ್ದು?” ಅಂದರು. “ಅವಳೇ ಜುಲೈನಲ್ಲಿ ಬರೆದಿದ್ದಾಳೆ.” “ಎರಡು ತಿಂಗಳಲ್ಲಿ ಇಷ್ಟು ಇಳಿಯೋದಕ್ಕೆ ಅವಳು ಆಸ್ಪತ್ರೆಯಲ್ಲಿ ಮಲಗಿರ್ಬೇಕಿತ್ತಮ್ಮ. ಇದು ಏಳೆಂಟು ತಿಂಗಳು ಶೂ ಕಟ್ಟದೇ ಇರೋ ಕಾಲು.”

ನೀವು ಆಸ್ಪತ್ರೆಯಲ್ಲಿ ಮಲಗಿದ್ದಿರೇ? ಹೌದು ಎಂದು ಬರೆದರೆ ನಂಬುತ್ತೇನೆ. ನಂಬಬೇಕೆಂದೇ ಕೇಳುತ್ತಿದ್ದೇನೆ.


ಅಕ್ಟೋಬರ್ 4

ಪ್ರೀತಿಯ ಅಕ್ಕಾ,

ನನ್ನನ್ನು ‘ಅವರು’ ‘ನೀವು’ ಅಂದಿದ್ದೀಯ. ಕಪಾಳಕ್ಕೆ ಎರಡು ಬಿಟ್ಟಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆಗಸ್ಟಿನಲ್ಲಿ ಜ್ವರ ಬಂದಿತ್ತು. ಹದಿನೈದು ದಿನ ಮಲಗಿದ್ದೆ. ನಿನಗೆ ಗಾಬರಿಯಾಗಬಾರದೆಂದು ಬರೆಯಲಿಲ್ಲ. ಪರೀಕ್ಷೆಯ ದಿನ ಹುಲ್ಲು ಒದ್ದೆಯಾಗಿತ್ತು, ಪ್ರಯಾಣದ ಆಯಾಸ ಬೇರೆ. ನೀನು ಬಿದ್ದದ್ದು ನೋಡಿ ನನಗೆ ಕೈಕಾಲೇ ಆಡಲಿಲ್ಲ, ಅದಕ್ಕೇ ಓಟ ಕೆಟ್ಟಿತು.

ಕೋಚು ಈ ವಾರದಿಂದ ನನ್ನನ್ನೇ ಬಲಬದಿಗೆ ಹಾಕುತ್ತಿದ್ದಾರೆ. ಬೇರೆ ಯಾರೂ ಇಲ್ಲ ಅಂತ. ನಿನ್ನ ಜಾಗವನ್ನು ನಿನಗಾಗಿ ಜೋಪಾನವಾಗಿ ನೋಡಿಕೊಳ್ಳುತ್ತೇನೆ.

ಮಿಂಚು


ಅಕ್ಟೋಬರ್ 12

ಮಿಂಚು ಅವರಿಗೆ,

ಮೊನ್ನೆ ನಮ್ಮ ಯಜಮಾನರಿಗೆ ಅತ್ತ ಕಡೆಯ ಬಸ್ಸಿನ ಡ್ಯೂಟಿ ಬಿತ್ತು. ಬಾಣಂತಿಯನ್ನು ಮಾತನಾಡಿಸಿ ಬರುತ್ತೇನೆಂದು ಲಾಂಡ್ರಿಗೆ ಹೋದರು. ನಾನು ಕಳಿಸಲಿಲ್ಲ, ಅವರೇ ಹೋದರು. ನಿಮ್ಮ ಅಕ್ಕ ಒಳ್ಳೆಯವರು. ಮಗು ಚೆನ್ನಾಗಿದೆಯಂತೆ.

“ಜ್ವರನಾ? ಅವಳಿಗಾ? ಒಂದು ದಿನಾನೂ ಮಲಗಿಲ್ಲ ಪಾಪ. ಬೆಳಗ್ಗೆ ಆರಕ್ಕೆ ಇಸ್ತ್ರಿ ಮುಂದೆ ನಿಂತ್ರೆ ಸಂಜೆ ಏಳರ ತನಕ ನಿಂತೇ ಇರ್ತಿದ್ಲು” ಅಂದರಂತೆ. ಓಟದ ಬಗ್ಗೆ ಕೇಳಿದ್ದಕ್ಕೆ, “ಬಂದ ಮೊದಲನೇ ವಾರ ಒಂದಿನ ಹೋಗಿದ್ಲು. ಆಮೇಲೆ ಶೂ ಅಟ್ಟಕ್ಕೆ ಹಾಕಿದ್ಲು” ಅಂದರಂತೆ.

ಓಡಲಿಲ್ಲ ಎಂಬುದಕ್ಕೆ ನನ್ನ ಜಗಳವಿಲ್ಲ. ದುಡಿಯುವ ಮನೆಯಲ್ಲಿ ಹುಟ್ಟಿದವಳು ನಾನು, ಹದಿಮೂರು ಗಂಟೆ ನಿಂತ ಕಾಲು ಹೇಗಿರುತ್ತದೆಂದು ಗೊತ್ತು. ಓಡಲಾಗಲಿಲ್ಲ ಅಕ್ಕಾ ಎಂದು ಒಂದು ಸಾಲು ಬರೆದಿದ್ದರೆ, ನಾನೂ ಪಟ್ಟಿಯಲ್ಲಿದ್ದಷ್ಟೇ ಓಡುತ್ತಿದ್ದೆ.

ನನಗೆ ಬೇಕಾಗಿರುವುದು ಒಂದೇ ಉತ್ತರ. ಜೂನ್ ಇಪ್ಪತ್ತಕ್ಕೆ ತೊಡೆ ಹಿಡಿಯುತ್ತಿದೆ, ನಿಲ್ಲಿಸು ಅಂದರೆ ನಿಲ್ಲಿಸುತ್ತೇನೆ ಎಂದು ಬರೆದೆ. ಜುಲೈ ಒಂದಕ್ಕೆ ನಾಲ್ಕು ಪಾಯಿಂಟ್ ನಾಲ್ಕು ಬಂತು. ಅದು ನಾಚಿಕೆಯಿಂದ ಬರೆದದ್ದೋ, ಬೇರೆ ಏನಾದರೂ ಇತ್ತೋ?


ನವೆಂಬರ್ 3

ಅಕ್ಕನವರಿಗೆ,

ಇದನ್ನು ಆರು ಸಲ ಬರೆದು ಹರಿದಿದ್ದೇನೆ.

ಮೊದಲನೆಯ ಕಾಗದ ನಾಚಿಕೆಯದ್ದು. ಆ ಒಂದು ದಿನ ಕಾಲೇಜು ಮೈದಾನಕ್ಕೆ ಹೋಗಿದ್ದೆ. ಹಿಂದಿನ ದಿನವೆಲ್ಲ ನಿಂತು ಪಾದ ಊದಿಕೊಂಡಿತ್ತು. ಮೂರು ಸುತ್ತು ಮುಗಿಸುವಷ್ಟರಲ್ಲಿ ವಾಂತಿಯಾಯಿತು. ಅಲ್ಲಿ ಆಡುತ್ತಿದ್ದ ಹುಡುಗಿಯರು ನೀರು ತಂದುಕೊಟ್ಟು, “ಆಂಟಿ, ನಿಧಾನಕ್ಕೆ ನಡೀರಿ ಸಾಕು” ಅಂದರು. ಮಿಂಚು ಅನ್ನಿಸಿಕೊಂಡವಳು ಅದನ್ನು ನಿಮಗೆ ಹೇಗೆ ಬರೆಯಲಿ? ಮೇಡಂ ಹೋದ ವರ್ಷ ಬರೆದುಕೊಟ್ಟ ಪರೀಕ್ಷೆ ಕಾರ್ಡಿನಲ್ಲಿದ್ದ ನನ್ನ ಸಮಯವನ್ನು ನಕಲು ಮಾಡಿದೆ. ಮೇ ತಿಂಗಳಲ್ಲಿ ಅದರಿಂದ ಪಾಯಿಂಟ್ ಒಂದು ಕಳೆದೆ. ಕಾಗದದ ಮೇಲೆ ಓಡಿದರೆ ಉಸಿರು ಕಟ್ಟುವುದಿಲ್ಲ.

ಜುಲೈ ಕಾಗದ ನಾಚಿಕೆಯದ್ದಲ್ಲ.

ನಿಮ್ಮ ತೊಡೆಯ ವಿಷಯ ಓದುವಾಗ ನಾನು ಇಸ್ತ್ರಿಯ ಮುಂದೆ ನಿಂತಿದ್ದೆ. ಒಂದು ದಿಂಬಿನ ಚೀಲ ಸುಟ್ಟುಹೋಯಿತು. ಹೋದ ವರ್ಷ ನನಗೆ ಹಾಗೆ ಆದಾಗ ಮೇಡಂ ಹೇಳಿದ್ದು ಕಿವಿಯಲ್ಲಿತ್ತು: ಎರಡು ವಾರ ಕೂತರೆ ಸರಿಹೋಗುತ್ತೆ, ಕೂರದಿದ್ದರೆ ಒಂದು ದಿನ ಜೋರು ಓಟದಲ್ಲಿ ಹರಿಯುತ್ತೆ. ನಿಲ್ಲಿಸಿ ಎಂದು ಬರೆದರೆ ನೀವು ನಿಲ್ಲಿಸುತ್ತಿದ್ದಿರಿ. ಜುಲೈ ಮುಗಿಯುವಷ್ಟರಲ್ಲಿ ಸರಿಹೋಗುತ್ತಿದ್ದಿರಿ. ಶಿಬಿರಕ್ಕೆ ಬಂದು ನಿಮ್ಮ ಜಾಗದಲ್ಲಿ ನಿಲ್ಲುತ್ತಿದ್ದಿರಿ. ನಾನು ಐದು ಪಾಯಿಂಟ್ ಎರಡರ ಕಾಲು ಇಟ್ಟುಕೊಂಡು ಮತ್ತೆ ಲಾಂಡ್ರಿಗೆ ಹೋಗುತ್ತಿದ್ದೆ. ಇಷ್ಟನ್ನೂ ಯೋಚಿಸಿದೆ. ಯೋಚಿಸಿಯೇ ನಾಲ್ಕು ಪಾಯಿಂಟ್ ನಾಲ್ಕು ಬರೆದೆ. ನೀವು ಇನ್ನೂ ಜೋರಾಗಿ ಓಡುತ್ತೀರಿ ಎಂದು ನನಗೆ ಗೊತ್ತಿತ್ತು.

ಆಗಸ್ಟಿನ ಕಾಗದದಲ್ಲಿ ಕಾಟು ಹೊಡೆದ ಸಾಲುಗಳು, “ನಾನು ಓಡಿಲ್ಲ. ನೀನು ಓಡಬೇಡ.” ಬರೆದಿದ್ದೆ. ಹೊಡೆದುಹಾಕಿದವಳೂ ನಾನೇ.

ಈಗ ಐದು ಪಂದ್ಯ ಆಡಿದ್ದೇನೆ. ಅರವತ್ತನೇ ನಿಮಿಷಕ್ಕೆ ಮಂಡಿಯ ಮೇಲೆ ಕೈ ಬರುತ್ತದೆ. ಎದುರಿನವಳು ಪಕ್ಕದಲ್ಲಿ ಹಾದುಹೋಗುವುದು ಕಾಣುತ್ತದೆ, ತಿರುಗಲು ಆಗುವುದಿಲ್ಲ. ನನ್ನ ಬದಿಯಿಂದಲೇ ಏಳು ಗೋಲು ಬಿದ್ದಿವೆ. ಜನ ಸ್ಟ್ಯಾಂಡಿನಿಂದ “ಬಾಗಿಲು ಎಲ್ಲಿ, ಬಾಗಿಲು ಹಾಕ್ರೋ” ಎಂದು ಕೂಗುತ್ತಾರೆ.

ಕೋಚಿಗೂ ಮೇಡಂಗೂ ಎಲ್ಲ ಹೇಳಿದ್ದೇನೆ. ಆಟ ಬಿಡುತ್ತೇನೆಂದೂ ಹೇಳಿದ್ದೇನೆ. ಕ್ಷಮಿಸಿ ಎಂದು ಬರೆಯುವ ಮುಖ ನನಗಿಲ್ಲ.


ಜನವರಿ 17

ಮಿಂಚು,

ನಿನ್ನ ಕಾಗದ ಬಂದು ಎರಡು ತಿಂಗಳು ದಾಟಿತು. ಮೊದಲ ದಿನ ಓದಿ ಒಲೆಗೆ ಹಾಕಲು ಹೋದೆ, ಯಜಮಾನರು ಕೈ ಹಿಡಿದರು. “ನಿಜ ಬರೆದಿರೋದು ಇದೊಂದೇ. ಇದನ್ನ ಸುಟ್ರೆ ಉಳಿಯೋದೆಲ್ಲ ಸುಳ್ಳು” ಅಂದರು. ಇಟ್ಟುಕೊಂಡಿದ್ದೇನೆ. ಮತ್ತೆ ಓದಿಲ್ಲ.

ತೊಡೆ ಕೂಡಿಕೊಳ್ಳುತ್ತಿದ್ದಾಗ ಗೋಡೆ ಹಿಡಿದು ನಡೆದೆ. ಪ್ರೆಸ್ಸಿನಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಹೊಲಿಗೆ ಹಾಕಿದೆ. ಪಕ್ಕದವಳು, “ಬಿದ್ದಿದ್ದು ಹೇಗೆ?” ಎಂದು ಕೇಳಿದಾಗಲೆಲ್ಲ, “ಓಡೋವಾಗ” ಅಂದೆ. ನಿನ್ನನ್ನು ಬೈಯಬೇಕೆಂದುಕೊಂಡಾಗಲೆಲ್ಲ ಮೇಡಂಗೆ ಹೇಳಬೇಡ ಎಂದು ಬರೆದ ನನ್ನದೇ ಅಕ್ಷರ ಕಣ್ಣ ಮುಂದೆ ಬರುತ್ತದೆ. ಅಷ್ಟರ ಮಟ್ಟಿಗೆ ನನ್ನದೂ ತಪ್ಪು. ಆದರೆ ನನ್ನ ತಪ್ಪು ನಾನು ನಿನ್ನನ್ನು ನಂಬಿದ್ದರಿಂದ ಆದದ್ದು. ನಿನ್ನದು ನಾನು ನಂಬುತ್ತೇನೆಂದು ಗೊತ್ತಿದ್ದೇ ಮಾಡಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ.

ಕ್ಷಮಿಸಿದೆ ಎಂದು ಬರೆಯುವುದಿಲ್ಲ. ನಿಜ ಬರೆ ಎಂದು ಕೇಳಿದ ನಾನೇ ಸುಳ್ಳು ಬರೆಯಬಾರದು.

ಆಟ ಬಿಡುತ್ತೇನೆ ಅಂದಿದ್ದೀಯ. ಕೋಚು ಒಪ್ಪಲಿಲ್ಲ, ಸೀಸನ್ ಮುಗಿಯುವವರೆಗೆ ನಿಲ್ಲಿಸಿಕೊಂಡಿದ್ದಾರೆ ಎಂದು ಮೇಡಂ ಹೇಳಿದರು. ಬಿಡಬೇಡ. ನೀನು ಬಿಟ್ಟರೆ ಆ ಜಾಗ ನನಗೆ ಬಿಟ್ಟಿಯಾಗಿ ಸಿಗುತ್ತದೆ, ಅದು ನನಗೆ ಬೇಡ. ಹದಿನಾಲ್ಕು ವರ್ಷ ಅಲ್ಲಿ ನಿಂತವಳು ನಾನು, ಯಾರೂ ದಾನ ಕೊಟ್ಟದ್ದಲ್ಲ. ಮೇಡಂ ಹತ್ತಿರ ಹೋಗು, ಮೊದಲಿನಿಂದ ಶುರು ಮಾಡು. ಮೊದಲು ನಡಿಗೆ, ಆಮೇಲೆ ನಿಧಾನದ ಓಟ. ನಾಲ್ಕನೇ ವಾರದ ತನಕ ಜೋರಾಗಿ ಓಡಲು ಹೋಗಬೇಡ. ಹೋದರೆ ನಿನ್ನದೂ ಹರಿಯುತ್ತದೆ.

ಏಪ್ರಿಲ್ ಆರಕ್ಕೆ ಮುಂದಿನ ಸೀಸನ್ನಿನ ಆಯ್ಕೆ. ನಾನು ಬಲಬದಿಗೇ ಹೆಸರು ಕೊಟ್ಟಿದ್ದೇನೆ.

ಇನ್ನು ಕಾಗದ ಬರೆಯಬೇಡ. ಬಂದರೂ ನಾನು ಒಡೆಯುವುದಿಲ್ಲ.

ನಿನ್ನೆ ಮೊದಲ ಸಲ ಮೂವತ್ತು ಮೀಟರ್ ಪೂರ್ತಿ ಓಡಿದೆ. ಎಷ್ಟು ಸೆಕೆಂಡು ಅಂತ ನಿನಗೆ ಹೇಳುವುದಿಲ್ಲ. ಮೈದಾನಕ್ಕೆ ಬಾ, ಪಕ್ಕದಲ್ಲಿ ನಿಂತು ನೋಡು.